ಬಳೆಚೂರಿನ ನವಿಲು

ಬೇಡಕಿಹಾಳ, ೨೦೦೯

ಪೂಜ್ಯ ಅಕ್ಕೋರಿಗೆ ಸ್ನೇಹಲಳ ನಮಸ್ಕಾರಗಳು.

ಶನಿವಾರದ ಪ್ರದರ್ಶನಕ್ಕೆ ನನ್ನ ನೋಟಬುಕ್ ತರಲಾರೆ. ಅದರ ರಟ್ಟಿನ ಮೇಲೆ ಬಳೆಚೂರಿನ ನವಿಲು ಅಂಟಿಸಿದ್ದೆ. "ಇಷ್ಟ ಚೂರ ಎಲ್ಲಿಂದ ತಂದೀ?" ಎಂದು ನೀವು ಕೇಳಿದ್ದಿರಿ. ಅಪ್ಪ ಅವ್ವನನ್ನು ಬಡಿದ ಮೇಲೆ ಕಸ ಹೊಡೆಯುವವಳು ನಾನೇ.

ಸೋಮವಾರ ಕಬ್ಬಿನ ಟ್ರ್ಯಾಕ್ಟರ್ ಮಗುಚಿ ಅಪ್ಪ ಸತ್ತ. ಒಡೆಯಲು ಅವ್ವನ ಕೈಯಲ್ಲಿ ಬಳೆಯೇ ಇರಲಿಲ್ಲ. ಅಪ್ಪನ ಅಕ್ಕ ಹೊಸ ಬಳೆ ತಂದು ಅವ್ವನಿಗೆ ತೊಡಿಸಿ, "ಕೈ ಕೊಡು, ಒಡೀತೀನಿ" ಎಂದಳು.

ಅವ್ವ ನನ್ನ ನೋಟಬುಕ್ ತಂದು ಮುಂದಿಟ್ಟಳು. "ನಿಮ್ಮ ತಮ್ಮ ಎಲ್ಲಾ ಒಡದ ಹೋಗ್ಯಾನ್ರಿ, ನೋಡ್ರಿ."

ಅತ್ತೆ ಅವ್ವನ ಕೈ ಬಿಟ್ಟು ನವಿಲನ್ನೇ ಕಲ್ಲಿನಿಂದ ಜಜ್ಜಿದಳು.

ಹೊಸ ಬಳೆ ಅವ್ವನ ಕೈಯಲ್ಲೇ ಇವೆ. ಇನ್ನು ನನಗೆ ಚೂರು ಸಿಗುವುದಿಲ್ಲ. ರಟ್ಟಿಗೆ ಬೇರೆ ಏನು ಅಂಟಿಸಲಿ, ತಿಳಿಸಿರಿ.

ನಿಮ್ಮ ವಿದ್ಯಾರ್ಥಿನಿ,
ಸ್ನೇಹಲ