ಅಮ್ಮ ನೀರು ಕುಡಿದಳು

೧೮ ನವೆಂಬರ್ ೨೦೨೫, ಮಂಗಳವಾರ
ಗೌರಿಬಿದನೂರು

ಅಮ್ಮ ಜರ್ಮನಿ ತಲುಪಿದಳು. ಫೋನು ಬರುವವರೆಗೂ ನನಗೆ ವಿಮಾನದ ಶೌಚಾಲಯದ್ದೇ ಚಿಂತೆಯಾಗಿತ್ತು. ಇಲ್ಲೇ ಹತ್ತಿರದ ಮಂಚೇನಹಳ್ಳಿಗೆ ಬಸ್ಸಿನಲ್ಲಿ ಹೋಗುವ ದಿನವೂ, ದಾರಿಯಲ್ಲಿ ಶೌಚಾಲಯ ಸಿಗದೆಂದು ಅಮ್ಮ ಬೆಳಗಿನಿಂದ ನೀರು ಮುಟ್ಟುವುದಿಲ್ಲ. ಹೋದ ವರ್ಷ ಹೀಗೆಯೇ ಮೂತ್ರದ ಸೋಂಕಾಗಿ ಆಸ್ಪತ್ರೆ ಸೇರಿದ್ದಳು. ಇದಂತೂ ಹತ್ತು ಗಂಟೆಯ ಪ್ರಯಾಣ. ಅಮ್ಮನ ಮಂಡಿನೋವಿಗಾಗಿ, ಜರ್ಮನಿಯಲ್ಲಿರುವ ತಂಗಿ ಹರಿತಾ ಬಿಸಿನೆಸ್ ಕ್ಲಾಸ್ ಟಿಕೆಟ್ ಕಳಿಸಿದಾಗ, ನಾನು ಸೀಟುಗಳ ನಕ್ಷೆ ನೋಡಿ ಶೌಚಾಲಯದ ಪಕ್ಕದ ಸೀಟನ್ನೇ ಆರಿಸಿದ್ದೆ. ಅಮ್ಮನಿಗೆ ಹೇಳಿರಲಿಲ್ಲ.

ಮಧ್ಯಾಹ್ನ ಫೋನು ಬಂತು. ಮೊದಲ ಮಾತೇ ಬೈಗುಳ.

“ಕಕ್ಕಸಿನ ಬಾಗ್ಲಲ್ಲೇ ಕೂರ್ಸಿದ್ಯಲ್ಲೇ! ಅದಕ್ಕಂಟಿಕೊಂಡೇ ಅವರ ಅಡುಗೆಮನೆ ಬೇರೆ. ಅಲ್ಲಿಂದ ತಂದ್ಕೊಟ್ರೆ ಹೆಂಗಮ್ಮ ಉಣ್ಣೋದು?”

“ನೀರಾದ್ರೂ ಕುಡಿದ್ಯಾ?”

“ಊಟ ಮುಟ್ಲಿಲ್ಲ, ಹರಿತಾ ಮನೇಲಿ ಉಂಡೆ. ನೀರು ಮಾತ್ರ ಕೊಟ್ಟಾಗೆಲ್ಲ ಕುಡ್ದೆ. ಬಾಗ್ಲು ಕಣ್ಣೆದುರಿಗೇ ಇತ್ತಲ್ಲ, ಇನ್ನೇನು ಭಯ? ಕೋಟು ಹಾಕ್ಕೊಂಡಿರೋ ದೊರೆಗಳೂ ನನ್ ಹಿಂದೆ ಸಾಲಲ್ಲಿ ನಿಂತಿದ್ರು ಕಣೇ!”

ನಕ್ಕೂ ನಕ್ಕೂ ಸಾಕಾಯಿತು. ಫೋನಿಟ್ಟ ಮೇಲೆ ಯಾಕೋ ಕಣ್ಣು ತುಂಬಿತು. ಎಪ್ಪತ್ತಾರನೆಯ ವಯಸ್ಸಿನಲ್ಲಿ ಅಮ್ಮ ಮೊದಲ ಸಲ ಬಾಯಾರದೆ ಒಂದು ಪ್ರಯಾಣ ಮುಗಿಸಿದ್ದಾಳೆ. ಎದೆಯ ಮೇಲಿಂದ ಯಾರೋ ಬೀಸುವ ಕಲ್ಲನ್ನು ಎತ್ತಿಟ್ಟ ಹಾಗಿದೆ.

ನಾಳೆ ಬೆಳಿಗ್ಗೆ ನಾನು ಚಿಂತಾಮಣಿಗೆ ಬಸ್ಸು ಹಿಡಿಯಬೇಕು. ಅದಕ್ಕೇ ಇರಬೇಕು, ಈಗ ಗಂಟಲು ಒಣಗಿದ್ದರೂ ಲೋಟಕ್ಕೆ ಎರಡು ಗುಟುಕಿನಷ್ಟೇ ನೀರು ಬಗ್ಗಿಸಿಕೊಂಡಿದ್ದೇನೆ. ಅಮ್ಮನಿಂದ ಬಂದ ಅಭ್ಯಾಸ. ಇಲ್ಲ, ಎದ್ದು ಹೋಗಿ ತುಂಬಿಸಿಕೊಂಡು ಬರುತ್ತೇನೆ. ದಾರಿಯಲ್ಲಿ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣವಿದೆಯಲ್ಲ, ಅಲ್ಲಿನ ಶೌಚಾಲಯ ಹೇಗಾದರೂ ಇರಲಿ, ಹೋಗಿಬರುತ್ತೇನೆ…