ಮೂವತ್ತೆಂಟು ಕಪ್ಪು ಪರದೆಗಳು

ಆಸ್ಪತ್ರೆಯ ನೋಂದಣಿ ವಿಭಾಗ
ಮಂಗಳವಾರ, ೧೪ನೇ ತಾರೀಖು, ಊಟದ ಬಿಡುವು

ಪ್ರೀತಿಯ ಚಿಗರೆಮರಿ,

ಹೇಗಿದ್ದೀಯ ಮಗಳೇ? ಕೆಮ್ಮು ಇಳಿಯಿತೇ? ಕೋಚ್‌ಗೆ ಹೆದರಿ ಮೈ ಹುಷಾರಿಲ್ಲದಾಗಲೂ ಓಡಬೇಡ. ನಾನು ಚೆನ್ನಾಗಿದ್ದೇನೆ ಎಂದು ಬರೆಯೋಣವೆಂದರೆ ತಲೆ ಕೆಟ್ಟು ಕೂತಿದೆ. ಭೇಟಿಯ ಭಾನುವಾರ ಬರುತ್ತೇನೆಂದವಳು ಬರಲಿಲ್ಲ. ನಿಮ್ಮ ಕ್ರೀಡಾ ಹಾಸ್ಟೆಲಿನಲ್ಲಿ ಫೋನ್ ಕೊಡುವುದಿಲ್ಲ, ವಾರ್ಡನ್ ಕೈಯಲ್ಲಿ ಹೇಳಿಕಳಿಸಿದೆ. ಕಾರಣವನ್ನು ಮಾತ್ರ ನಾನೇ ಹೇಳಬೇಕು.

ಆಸ್ಪತ್ರೆಗೆ ಅರವತ್ತು ಹೊಸ ಕಂಪ್ಯೂಟರ್ ಬಂದವು, ಅವನ್ನು ಸಜ್ಜು ಮಾಡುವ ಕೆಲಸ ನನ್ನದು. ಹಳೆಯವನ್ನು ಶುಕ್ರವಾರವೇ ಗಾಡಿಗೆ ಹೇರಿ ಕಳಿಸಿಬಿಟ್ಟರು. ಹೊಸದರ ಹೊಟ್ಟೆ ಖಾಲಿ. ಪೆನ್‌ಡ್ರೈವ್ ಚುಚ್ಚಿದರೆ ಅದರೊಳಗಿನ ಒಂದು ಪುಟ್ಟ ಸಿಸ್ಟಮ್ ಎದ್ದು, ಸರ್ವರಿನಿಂದ ನೆಟ್‌ವರ್ಕಿನಲ್ಲಿ ದೊಡ್ಡ ಸಿಸ್ಟಮನ್ನು ಎಳೆದು ತಂದು ಕೂರಿಸಬೇಕು. ಶನಿವಾರ ಇಪ್ಪತ್ತೆರಡು ಯಂತ್ರಗಳು ಹೇಳಿದ ಮಾತು ಕೇಳಿದವು. ಉಳಿದ ಮೂವತ್ತೆಂಟು ಕಪ್ಪು ಪರದೆಯಲ್ಲಿ ನೆಟ್‌ವರ್ಕ್ ಸಿಗುತ್ತಿಲ್ಲವೆಂದು ಒಂದು ಸಾಲು ಬರೆದು ಹಟ ಹಿಡಿದವು. ಕೇಬಲ್ ಬದಲಿಸಿದೆ, ಗೋಡೆಯ ಪಾಯಿಂಟ್ ಬದಲಿಸಿದೆ. ಮ್ಯಾನೇಜರ್ ಕೈಕಟ್ಟಿ ನಿಂತು, "ಮಾಡೆಲ್ ಒಂದೇ ಅಂದ್ಮೇಲೆ ಡ್ರೈವರೂ ಒಂದೇ ಅಲ್ವೇನಮ್ಮ? ನೀವೇ ಎಲ್ಲೋ ಎಡವಟ್ಟು ಮಾಡಿದೀರ" ಎಂದರು. ಮೈಯೆಲ್ಲ ಉರಿಯಿತು. (ಡ್ರೈವರ್ ಎಂದರೆ ಯಂತ್ರದ ಒಂದೊಂದು ಭಾಗವನ್ನು ನಡೆಸುವ ಪುಟ್ಟ ಪ್ರೋಗ್ರಾಮ್.)

ಭಾನುವಾರ ಬೆಳಿಗ್ಗೆ, ನಾನು ನಿನ್ನಲ್ಲಿಗೆ ಬರುವ ಬಸ್ಸಿನಲ್ಲಿ ಕೂತಿರಬೇಕಾದ ಹೊತ್ತಿಗೆ, ಒಂದು ಯಂತ್ರದ ಮುಚ್ಚಳ ಬಿಚ್ಚಿದೆ. ನರ್ಸಮ್ಮನ ಹತ್ತಿರ ಗಂಟಲು ನೋಡುವ ಟಾರ್ಚ್ ಇಸಿದುಕೊಂಡು ಬೆಳಕು ಬಿಟ್ಟರೆ, ನೆಟ್‌ವರ್ಕಿನ ಚಿಪ್ಪೇ ಬೇರೆ. ಹೊರಗಿನ ಚೀಟಿ ಒಂದೇ, ಒಳಗಿನ ಮಾಲು ಎರಡು ಬಗೆ. ನನ್ನ ಪುಟ್ಟ ಸಿಸ್ಟಮಿಗೆ ಆ ಚಿಪ್ಪಿನ ಡ್ರೈವರ್ ಇರಲಿಲ್ಲ, ಅಷ್ಟೇ. ತಯಾರಕರ ಡ್ರೈವರ್ ಇಳಿಸಿಕೊಂಡೆ. ಅದರ ಇನ್‌ಸ್ಟಾಲರ್ ಈ ಪುಟ್ಟದರಲ್ಲಿ ಓಡುವುದೇ ಇಲ್ಲ. ಗಂಟು ಬಿಚ್ಚಿ, ಬೇಕಾದ ಫೈಲುಗಳನ್ನು ಮಾತ್ರ ಹೆಕ್ಕಿ, ಕೈಯಾರೆ ಲೋಡ್ ಮಾಡಿದೆ. ನೆಟ್‌ವರ್ಕ್ ಬಂತು. ಕಣ್ಣಲ್ಲಿ ನೀರೂ ಬಂತು. ಯಂತ್ರವನ್ನು ರೀಸ್ಟಾರ್ಟ್ ಮಾಡಿದೆ ನೋಡು, ಎಲ್ಲ ಮಾಯ. ಆ ಪುಟ್ಟ ಸಿಸ್ಟಮ್ ಮೆಮೊರಿಯಲ್ಲಷ್ಟೇ ಬದುಕುವ ಜೀವ. ಡ್ರೈವರನ್ನು ಪೆನ್‌ಡ್ರೈವಿನ ಮೂಲ ಫೈಲಿನೊಳಗೇ ಸೇರಿಸಬೇಕಿತ್ತು. ಸೇರಿಸಿದೆ, ಆದರೆ ಹೊಸ ಫೈಲನ್ನು ಪೆನ್‌ಡ್ರೈವಿಗೆ ಹಾಕಲು ಮರೆತು, ಹಳೆಯದನ್ನೇ ಚುಚ್ಚಿ ಚುಚ್ಚಿ ಎರಡು ಗಂಟೆ ಯಂತ್ರಕ್ಕೆ ಶಾಪ ಹಾಕಿದೆ. ಆ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಅದು ತಿಳಿಯುವಷ್ಟರಲ್ಲಿ ಕೊನೆಯ ಬಸ್ಸೂ ಹೋಗಿತ್ತು.

ಸೋಮವಾರ ಬಾಗಿಲು ತೆರೆದಾಗ ಇನ್ನೂ ಹದಿನೈದು ಯಂತ್ರ ಬಾಕಿ. ಸಾಲು ಮೆಟ್ಟಿಲ ಕೆಳಗಿನವರೆಗೆ. ಕೌಂಟರಿನ ಹುಡುಗಿ ನೋಟ್‌ಬುಕ್ಕಿನಲ್ಲಿ ಕೈಬರಹದಲ್ಲಿ ಹೆಸರು ಗೀಚುತ್ತಿದ್ದಳು. ಒಬ್ಬ ಅಜ್ಜ, "ಈ ಡಬ್ಬ ಶುರುವಾಗೋಷ್ಟರಲ್ಲಿ ನನ್ ಜ್ವರಾನೇ ಇಳಿಯುತ್ತಮ್ಮ" ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅರವತ್ತೂ ಎದ್ದವು. ಸಂಜೆ ಸಭೆಯಲ್ಲಿ ಮ್ಯಾನೇಜರ್, "ಸಣ್ಣ ತೊಂದರೆ ಇತ್ತು, ನಾವು ಸರಿಮಾಡಿದ್ವಿ" ಎಂದರು. ಆ 'ನಾವು' ಯಾರೋ. ನಾನು ಸುಮ್ಮನಿರಲಿಲ್ಲ. ಎರಡು ಬಗೆಯ ಚಿಪ್ಪಿನ ಫೋಟೊ ಎಲ್ಲರೆದುರು ಮೇಜಿನ ಮೇಲಿಟ್ಟು ಎದ್ದು ಬಂದೆ. ಇವತ್ತು ಅವರು ನನ್ನ ಜೊತೆ ಮಾತಾಡುತ್ತಿಲ್ಲ. ಒಳ್ಳೆಯದೇ ಆಯಿತು, ಕಾಗದ ಬರೆಯಲು ಬಿಡುವು ಸಿಕ್ಕಿತು.

ಹೊತ್ತಿಗೆ ಸರಿಯಾಗಿ ಊಟ ಮಾಡು, ಕಣ್ತುಂಬ ನಿದ್ದೆ ಮಾಡು. ನಿನ್ನ ಕಾಲಿಗೆ ಬಲ ಬರಲಿ, ಮನಸ್ಸಿಗೆ ನೆಮ್ಮದಿ ಇರಲಿ.

ನಿನ್ನ
ಅಮ್ಮ

ತಾ.ಕ.: ಊಟದ ಬಿಡುವು ಮುಗಿಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಭಾನುವಾರ ನಿನ್ನಪ್ಪ ಅಲ್ಲಿಗೆ ಬಂದಿದ್ದರೆಂದು ವಾರ್ಡನ್ ಹೇಳಿದರು. ನಾವಿಬ್ಬರೂ ಬೇರೆಯಾದ ಈ ಐದು ವರ್ಷದಲ್ಲಿ ಅವರು ನಿನ್ನನ್ನು ನೋಡಲು ಬಂದದ್ದು ಇದೇ ಮೊದಲು. ಅಮ್ಮನಿಗೆ ಬೇಜಾರಾಗುತ್ತದೆಂದು ನೀನು ಕೋಣೆಯಿಂದ ಹೊರಗೇ ಬರಲಿಲ್ಲವಂತೆ. ಅವರು ಸಂಜೆಯವರೆಗೂ ಗೇಟಿನಲ್ಲಿ ಕಾದು, ಒಂದು ಜೊತೆ ಶೂ ಬಿಟ್ಟುಹೋಗಿದ್ದಾರಂತೆ. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಹಾಕಿಕೊಂಡು ನೋಡು. ಅಳತೆ ಸರಿಹೋದರೆ ಅವರಿಗೆ ಒಂದು ಸಾಲು ಬರೆ. ವಿಳಾಸ ಈ ಹಾಳೆಯ ಹಿಂದೆ ಬರೆದಿದ್ದೇನೆ.