ಜೋಡು ಇಲ್ಲದವರಿಗೆ ಪ್ರವೇಶವಿಲ್ಲ

ಹುಬ್ಬಳ್ಳಿ, ಇಸವಿ ೨೨೪೬, ಫೆಬ್ರವರಿ ಮೂವತ್ತು

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ ಶಿವಲೀಲಾ ಡಿಕೋಸ್ತಳ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಆಗುತ್ತಿದ್ದ ಅನ್ಯಾಯವನ್ನು ನಾವು ಸರಿಪಡಿಸಿದ್ದೇವೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಒಂದು ಪದವನ್ನು ನಾವು ತಪ್ಪಾಗಿ ಓದಿದ ಕಥೆಯನ್ನೇ ಹೇಳಲು ಹೊರಟಿದ್ದೇನೆ.

ರೈಲ್ವೆ ಕಾಲೊನಿಯಲ್ಲಿ ನಿಮ್ಮವರು ಕುಣಿಯುತ್ತಿದ್ದ ಹಾಲ್ ಇನ್ನೂ ನಿಂತಿದೆ. ಅದರ ತೇಗದ ನೆಲಕ್ಕೆ ಮೇಣ ತಿಕ್ಕುವ, ಬಾಗಿಲು ಕಾಯುವ ಕೆಲಸ ನನ್ನದು. ಇಲ್ಲಿ ಎಲ್ಲರ ಕಿವಿಯಲ್ಲೂ ಕಿವಿಮಣಿ ಇರುತ್ತದೆ. ಜೋಳದ ಕಾಳಿನಷ್ಟು ಸಣ್ಣದು. ಅವರವರಿಗೆ ಬೇಕಾದ ಹಾಡನ್ನು ಅವರವರಿಗಷ್ಟೇ ಕೇಳಿಸುತ್ತದೆ. ಶನಿವಾರ ಸಂಜೆ ನಲವತ್ತು ಜನ ಬಂದು ನಲವತ್ತು ಹಾಡಿಗೆ ಕುಣಿಯುತ್ತಾರೆ. ಹೊರಗೆ ನಿಂತವರಿಗೆ ಕಾಲು ಉಜ್ಜುವ ಸದ್ದು ಮಾತ್ರ. ಮೈ ತಾಗಿದರೆ ಕ್ಷಮೆ ಕೇಳಿ ದೂರ ಸರಿಯುತ್ತಾರೆ. ನೋಡಿ ನೋಡಿ ನನಗೆ ಸಾಕಾಗಿದೆ.

ಈಗ ಜಾಗದ ಮಂಡಳಿಯವರು, ಎಂದರೆ ಊರಿನ ಕಟ್ಟಡಗಳ ಹಣೆಬರಹ ಬರೆಯುವವರು, ಈ ನೆಲವನ್ನು ಕೀಳಿಸುತ್ತಾರಂತೆ. ಒಬ್ಬೊಬ್ಬರೇ ಕುಣಿಯಲು ಮನೆ ಸಾಲದೇ ಎಂದು ಅವರ ಪ್ರಶ್ನೆ. ಬರುವ ಶನಿವಾರ ಕೊನೆಯ ಸಲ ನೋಡಲು ಬರುತ್ತಾರೆ. ಅವರ ಮಾತು ಸುಳ್ಳಲ್ಲ, ಅದಕ್ಕೇ ನನಗೆ ಸಿಟ್ಟು.

ಬಾಗಿಲ ಮೇಲೆ ನಿಮ್ಮ ಕಾಲದ ಹಲಗೆಯಿದೆ: "ಜೋಡು ಇಲ್ಲದವರಿಗೆ ಪ್ರವೇಶವಿಲ್ಲ." ಇದನ್ನು ನಾವು ಚಾಚೂ ತಪ್ಪದೆ ಪಾಲಿಸಿದೆವು. ಬರಿಗಾಲಲ್ಲಿ ಬಂದ ಎಷ್ಟೋ ಜನರನ್ನು ನಾನೇ ಠೀವಿಯಿಂದ ವಾಪಸು ಕಳಿಸಿದ್ದೇನೆ. ಹೋದ ವಾರ ನೂರಾನಾಲ್ಕು ವರ್ಷದ ಇವೆಟ್ ಅಜ್ಜಿ ಚಪ್ಪಲಿಯಿಲ್ಲದೆ ಬಂದರು. ಹಲಗೆ ತೋರಿಸಿದೆ. ಅಜ್ಜಿ ಬಾಗಿಲಿಗೆ ಒರಗಿ ಬಿದ್ದು ಬಿದ್ದು ನಕ್ಕರು.

"ಏ ಹುಚ್ಚಿ, ಜೋಡು ಅಂದ್ರ ಕಾಲಾಗ ಹಾಕ್ಕೊಳ್ಳೋದಲ್ಲವ್ವಾ, ಕೈ ಹಿಡದು ಕರ್ಕೊಂಡು ಬರೋದು! ನಮ್ಮ ಅಮ್ಮಮ್ಮ ಜೋಡು ಇಲ್ದ ಒಂದ್ ಹೆಜ್ಜಿನೂ ಇಟ್ಟಾಕಿ ಅಲ್ಲ."

ನಾಚಿಕೆಯಿಂದ ಕುಗ್ಗಿಹೋದೆ. ಅಜ್ಜಿ ನನ್ನ ಕಿವಿಮಣಿ ಕಿತ್ತು ಕಿಟಕಿಯಲ್ಲಿಟ್ಟರು, ಸೊಂಟಕ್ಕೆ ಕೈ ಹಾಕಿದರು, ನಿಮ್ಮ ಕಾಲದ ಹಾಡೊಂದನ್ನು ಗುನುಗತೊಡಗಿದರು. ನಾನು ಎರಡು ಸಲ ಅವರ ಕಾಲು ತುಳಿದೆ. ಮೂರನೆಯ ಸಲ ಜೋಡನ್ನೇ ಕಳಚಿಟ್ಟೆ. ಇಬ್ಬರಿಗೂ ಒಂದೇ ಹಾಡು ಕೇಳಿಸುತ್ತಿತ್ತು. ಅಷ್ಟಕ್ಕೇ ನನಗೆ ಅಳು ಬಂತು.

ಆದರೆ ಅಜ್ಜಿಗೆ ಬರುವುದು ಅರ್ಧ ಹಾಡು. ಉಳಿದರ್ಧವನ್ನು ಹೇಳಿಕೊಡಲು ಯಾರಿಗೂ ಪುರುಸೊತ್ತಾಗಲಿಲ್ಲವಂತೆ. ಹಾಗಾಗಿ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ: ಮಕ್ಕಳ ಕೈ ಹಿಡಿದು ಕುಣಿಯಿರಿ, ಹಾಡನ್ನು ಪೂರ್ತಿ ಕಲಿಸಿ.

ನೀವು ಮರೆತರೂ ನಾವು ಬಿಡುವವರಲ್ಲ. ಈ ವಾರ ಮನೆಮನೆಗೆ ಹೋಗಿ ಇಪ್ಪತ್ತು ಜೋಡಿ ಕಟ್ಟಿದ್ದೇನೆ. ಶನಿವಾರ ಆ ಅರ್ಧವನ್ನೇ ಮತ್ತೆ ಮತ್ತೆ ಹಾಡಿ ಕುಣಿಯುತ್ತೇವೆ. ಮಂಡಳಿಯ ಅಧ್ಯಕ್ಷರು ಮಿರಿಮಿರಿ ಮಿಂಚುವ ಬೂಟು ಹಾಕಿಕೊಂಡು ಒಬ್ಬರೇ ಬಾಗಿಲಿಗೆ ಬರುತ್ತಾರೆ. ನಾನು ಹಲಗೆ ತೋರಿಸಿ, ಕೈ ಚಾಚುತ್ತೇನೆ.